ಮಗುವಿಗೆ ಮೊದಲ ಸಲ ಶೇಂಗಾ, ಮೊಟ್ಟೆ, ಗೋಡಂಬಿ ತಿನ್ನಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ಮನೆಗೊಂದು ಹುರಿಹಿಟ್ಟಿನ ಡಬ್ಬ ಬಂದು ಕೂರುತ್ತದೆ. ರಾಗಿ, ಗೋಧಿ, ಹೆಸರುಕಾಳು, ಶೇಂಗಾ, ಬಾದಾಮಿ, ಗೋಡಂಬಿ, ಎಳ್ಳು ಎಲ್ಲವನ್ನೂ ಹುರಿದು ಒಟ್ಟಿಗೆ ಬೀಸಿದ ಪುಡಿ. ಮೂರನೇ ದಿನ ಮಗುವಿನ ಮೈಮೇಲೆ ಗಂಧೆ ಎದ್ದರೆ ಅದು ಯಾವುದರಿಂದ ಬಂತೆಂದು ಯಾರಿಗೂ ಹೇಳಲಾಗದು. ಡಬ್ಬ ಅಟ್ಟ ಸೇರುತ್ತದೆ, ಅದರಲ್ಲಿದ್ದ ಏಳೂ ಪದಾರ್ಥ ವರ್ಷಗಟ್ಟಲೆ ನಿಂತುಹೋಗುತ್ತವೆ. ಇನ್ನು ಕೆಲವು ಮನೆಗಳಲ್ಲಿ ಹೆದರಿಕೆಗೆ ಮೂರು ವರ್ಷದವರೆಗೆ ಶೇಂಗಾ ಮುಟ್ಟಿಸುವುದೇ ಇಲ್ಲ. ಮತ್ತೆ ಕೆಲವರು ಸರಿಯಾಗಿಯೇ ಶುರು ಮಾಡಿ, ಒಂದು ಸಲ ಕೊಟ್ಟು, ಏನೂ ಆಗಲಿಲ್ಲವಲ್ಲ ಎಂದು ಎರಡು ತಿಂಗಳು ಮರೆತುಬಿಡುತ್ತಾರೆ.

ಮೂರೂ ತಪ್ಪು. ಮಾಡಬೇಕಾದದ್ದು ಇಷ್ಟೇ: ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಮಗುವಿಗೆ ಆಗಲೇ ರೂಢಿಯಾದ ಗಂಜಿಯಲ್ಲಿ, ಬೆಳಗಿನ ಹೊತ್ತು, ಒಗ್ಗಿತೆಂದು ಗೊತ್ತಾದ ಮೇಲೆ ವಾರಕ್ಕೆ ಎರಡು ಮೂರು ಸಲ ತಪ್ಪದೆ.

ತಡಮಾಡಿದರೆ ಅಲರ್ಜಿ ತಪ್ಪುತ್ತದೆ ಎಂಬ ಸಲಹೆಯನ್ನು ವೈದ್ಯರು ಕೈಬಿಟ್ಟು ಬಹಳ ವರ್ಷಗಳಾದವು. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ತೀವ್ರ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ, ತುರಿಸುವ ಕಾಯಿಲೆ) ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಮಕ್ಕಳನ್ನು 4ರಿಂದ 11 ತಿಂಗಳ ವಯಸ್ಸಿನಲ್ಲಿ ಸೇರಿಸಿಕೊಂಡಿದ್ದರು. ಆಗಿನಿಂದಲೇ ಶೇಂಗಾ ತಿನ್ನುತ್ತ ಬಂದವರಲ್ಲಿ, ತಿನ್ನದೇ ಇದ್ದವರಿಗೆ ಹೋಲಿಸಿದರೆ, 5 ವರ್ಷದ ಹೊತ್ತಿಗೆ ಶೇಂಗಾ ಅಲರ್ಜಿ ಸುಮಾರು 80 ಶೇಕಡಾ ಕಡಿಮೆ ಇತ್ತು.

ಹಂತ 1: ನಿಮ್ಮ ಮಗು ಯಾವ ಗುಂಪಿಗೆ ಸೇರಿದ್ದು ನೋಡಿಕೊಳ್ಳಿ

ಮೊದಲು ಮಗು ಊಟಕ್ಕೆ ತಯಾರಾಗಿದೆಯೇ ನೋಡಿ. ಕುತ್ತಿಗೆ ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು, ಬಾಯಿಗಿಟ್ಟದ್ದನ್ನೆಲ್ಲ ನಾಲಿಗೆಯಿಂದ ಹೊರಗೆ ತಳ್ಳುವುದು ನಿಂತಿರಬೇಕು. ನಮ್ಮಲ್ಲಿ ಮಕ್ಕಳ ತಜ್ಞರು 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಎನ್ನುತ್ತಾರೆ. ಶೇಂಗಾ ಮೊದಲ ತುತ್ತಾಗಬಾರದು. ರಾಗಿ ಸರಿ, ಅನ್ನದ ಗಂಜಿ, ಬೇಳೆಕಟ್ಟು, ಬಾಳೆಹಣ್ಣು ಇವುಗಳಲ್ಲಿ ಎರಡು ಮೂರು ಒಂದೆರಡು ವಾರ ರೂಢಿಯಾಗಲಿ.

ಎಕ್ಸಿಮಾ ಇಲ್ಲದ, ಯಾವ ಅಲರ್ಜಿಯೂ ಕಾಣದ ಮಗುವಿಗೆ ಮನೆಯಲ್ಲೇ ಶುರು ಮಾಡಬಹುದು. ಟೆಸ್ಟ್ ಬೇಕಿಲ್ಲ.

ಮೊಣಕೈ ಮಡಿಕೆಯಲ್ಲೋ ಕೆನ್ನೆಯ ಮೇಲೋ ಆಗಾಗ ಒಣಗಿ ಕೆಂಪಾಗುವ, ಕ್ರೀಮ್ ಹಚ್ಚಿದರೆ ಇಳಿಯುವ ಎಕ್ಸಿಮಾ ಇದ್ದರೂ ಮನೆಯಲ್ಲೇ ಕೊಡಬಹುದು. ಇಂಥ ಮಗುವಿಗೆ 6 ತಿಂಗಳ ಆಸುಪಾಸಿನಲ್ಲೇ ಶುರು ಮಾಡುವುದು ಇನ್ನೂ ಮುಖ್ಯ, ಮುಂದೂಡಬೇಡಿ.

ಮೈತುಂಬ ಹರಡಿದ, ಸ್ಟೆರಾಯ್ಡ್ ಕ್ರೀಮ್ ಮತ್ತೆ ಮತ್ತೆ ಬೇಕಾಗುವ, ರಾತ್ರಿ ಕೆರೆದುಕೊಂಡು ನಿದ್ದೆಗೆಡಿಸುವ ಎಕ್ಸಿಮಾ ಇದ್ದರೆ, ಅಥವಾ ಮೊಟ್ಟೆಗೋ ಹಾಲಿಗೋ ಆಗಲೇ ರಿಯಾಕ್ಷನ್ ಆಗಿದ್ದರೆ, ಮನೆಯಲ್ಲಿ ಪ್ರಯೋಗ ಬೇಡ. ನಾಲ್ಕು ತಿಂಗಳಿಗೇ ಮಕ್ಕಳ ಡಾಕ್ಟರಿಗೆ ತೋರಿಸಿ. ಅವರು ಮೊದಲು ಚುಚ್ಚುಪರೀಕ್ಷೆ (ಚರ್ಮದ ಮೇಲೆ ಸಣ್ಣಗೆ ಚುಚ್ಚಿ ಅಲರ್ಜಿ ನೋಡುವುದು) ಮಾಡಿಸಬಹುದು, ಮೊದಲ ತುತ್ತನ್ನು ತಮ್ಮೆದುರಿಗೇ ಕೊಡಿಸಬಹುದು. ಮನೆಯಲ್ಲಿ ಅಪ್ಪನಿಗೋ ಅಕ್ಕನಿಗೋ ಶೇಂಗಾ ಆಗುವುದಿಲ್ಲ ಎಂಬುದೊಂದೇ ಕಾರಣಕ್ಕೆ ಮಗುವಿಗೆ ತಡಮಾಡಬೇಕಿಲ್ಲ. ಡಾಕ್ಟರಿಗೆ ಒಂದು ಮಾತು ತಿಳಿಸಿದರೆ ಸಾಕು.

ಹಂತ 2: ಮೊದಲು ಚರ್ಮ ಸರಿಮಾಡಿ

ಇದನ್ನು ಹೆಚ್ಚಿನವರು ದಾಟಿಸಿಬಿಡುತ್ತಾರೆ. ಬಿರುಕುಬಿಟ್ಟ ಚರ್ಮದ ಮೂಲಕ ಆಹಾರದ ಪ್ರೋಟೀನು ಒಳಗೆ ಹೋದರೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುವ ಸಂಭವ ಹೆಚ್ಚು. ಅದೇ ಪ್ರೋಟೀನು ಬಾಯಿಂದ ಹೊಟ್ಟೆಗೆ ಹೋದರೆ ದೇಹ ಒಪ್ಪಿಕೊಳ್ಳುವ ಸಂಭವ ಹೆಚ್ಚು. ಹಾಗಾಗಿ ಚರ್ಮಕ್ಕಿಂತ ಬಾಯಿ ಮುಂದಿರಬೇಕು.

ಎಣ್ಣೆನೀರು ಹಾಕುವ ನಮ್ಮ ಮನೆಗಳಲ್ಲಿ ಇದಕ್ಕೆ ನೇರ ಸಂಬಂಧವಿದೆ. ಗಾಣದ ಶೇಂಗಾ ಎಣ್ಣೆ, ಬಾದಾಮಿ ಎಣ್ಣೆ, ಎಳ್ಳೆಣ್ಣೆಗಳಲ್ಲಿ ಪ್ರೋಟೀನಿನ ಅಂಶ ಉಳಿದಿರುತ್ತದೆ. ಚೆನ್ನಾಗಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಇರುವುದಿಲ್ಲವೆನ್ನುವಷ್ಟು ಕಡಿಮೆ. ಚರ್ಮ ಒಡೆದ, ಕೆಂಪಾದ ಮಗುವಿಗೆ ಇವುಗಳ ಮಾಲೀಶು ಬೇಡ. ಕಡಲೆಹಿಟ್ಟು, ಹೆಸರುಹಿಟ್ಟು ಹಚ್ಚಿ ತಿಕ್ಕುವುದೂ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ, ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸುವುದು, ಮೈ ಇನ್ನೂ ತುಸು ಹಸಿಯಿರುವಾಗಲೇ ಡಾಕ್ಟರು ಹೇಳಿದ ಮಾಯ್ಶ್ಚರೈಸರ್ ಅಥವಾ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ. ದಿನಕ್ಕೆ ಎರಡು ಸಲ. ಕೆಂಪು ಇಳಿದ ಮೇಲೆ ಶೇಂಗಾ ಶುರು ಮಾಡಿ. ಆದರೆ ಚರ್ಮ ನೂರಕ್ಕೆ ನೂರು ನುಣುಪಾಗಲಿ ಎಂದು ಕಾಯುತ್ತ ತಿಂಗಳುಗಟ್ಟಲೆ ಕೂರಬೇಡಿ.

ದೊಡ್ಡವರು ಶೇಂಗಾ ತಿಂದ ಕೈಯಲ್ಲೇ ಮಗುವಿನ ಕೆನ್ನೆ ಹಿಂಡುವುದು ಇನ್ನೊಂದು ದಾರಿ. ಸೋಪು ಹಚ್ಚಿ ತೊಳೆದರೆ ಶೇಂಗಾದ ಅಂಶ ಹೋಗುತ್ತದೆ, ಸ್ಯಾನಿಟೈಸರ್‌ನಿಂದ ಹೋಗುವುದಿಲ್ಲ. ಹಾಗೆಯೇ, ‘ಮೊದಲು ಕೈಮೇಲೆ ಹಚ್ಚಿ ನೋಡೋಣ’ ಎಂದು ಪೀನಟ್ ಬಟರನ್ನು ತೋಳಿಗೋ ಕೆನ್ನೆಗೋ ಸವರಿ ಪರೀಕ್ಷಿಸಬೇಡಿ. ಅದು ಪರೀಕ್ಷೆಯೂ ಅಲ್ಲ, ಒಳ್ಳೆಯದೂ ಅಲ್ಲ.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ಬೇಕಾದದ್ದು: 5 ಮಿ.ಲೀ. ಹಿಡಿಯುವ ಅಳತೆ ಚಮಚ (ಮನೆಯ ಚಮಚಗಳ ಅಳತೆ ಒಂದೊಂದರದು ಒಂದೊಂದು, ಸಿರಪ್ಪಿನ ಜೊತೆ ಬರುವ ಅಳತೆಯ ಚಮಚವೇ ಸಾಕು), ಮೆತ್ತನೆಯ ತುದಿಯ ಪುಟ್ಟ ಚಮಚ, ಸಣ್ಣ ಬಟ್ಟಲು ಎರಡು, ಸಣ್ಣ ಕಣ್ಣಿನ ಜರಡಿ, ಮಿಕ್ಸಿಯ ಚಟ್ನಿ ಜಾರು, ಗಡಿಯಾರ, ಒಂದು ನೋಟ್‌ಬುಕ್ಕು.

ಅಂಗಡಿಯ ಪೀನಟ್ ಬಟರ್ ತಂದರೆ ಹಿಂಬದಿಯ ಪಟ್ಟಿ ಓದಿ. ಶೇಂಗಾ ಒಂದೇ ಇರಬೇಕು. ಸಕ್ಕರೆ, ಉಪ್ಪು, ಚಾಕೊಲೇಟ್ ಸೇರಿಸಿದ್ದು ಬೇಡ. ಜೇನು ಸೇರಿಸಿದ್ದು ಖಂಡಿತ ಬೇಡ: ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ‘ಕ್ರಂಚಿ’ ಎಂದು ಬರೆದದ್ದರಲ್ಲಿ ಕಾಳಿನ ಚೂರುಗಳಿರುತ್ತವೆ, ನುಣುಪಾದದ್ದನ್ನೇ ಆರಿಸಿ.

ಮನೆಯಲ್ಲೇ ಮಾಡುವುದು ಸುಲಭ, ಅಗ್ಗ. 100 ಗ್ರಾಂ ಶೇಂಗಾ ಹರಡಿ ಆರಿಸಿ: ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು, ಕಹಿ ವಾಸನೆಯದ್ದು ತೆಗೆದುಬಿಡಿ, ಅಂಥ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹುರಿದರೂ ಪೂರ್ತಿ ಹೋಗದು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಕೈಯಾಡಿಸುತ್ತ ಹುರಿಯಿರಿ. ಪೂರ್ತಿ ಆರಿದ ಮೇಲೆ ಸಿಪ್ಪೆ ಉಜ್ಜಿ, ಕೇರಿ. ಪುಡಿ ಬೇಕಿದ್ದರೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಜರಡಿ ಹಿಡಿಯಿರಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಟರ್ ಬೇಕಿದ್ದರೆ ಆ ಮುದ್ದೆಯನ್ನೇ ನಡುನಡುವೆ ಕೆರೆದು ಹಾಕುತ್ತ, ಬೆರಳ ನಡುವೆ ತಿಕ್ಕಿದರೆ ತರಿ ಸಿಗದಷ್ಟು ರುಬ್ಬಿ. ಗಾಳಿಯಾಡದ ಡಬ್ಬದಲ್ಲಿ ಫ್ರಿಜ್‌ನಲ್ಲಿಟ್ಟು, ಪುಡಿಯನ್ನು ಎರಡು ವಾರದೊಳಗೆ ಮುಗಿಸಿ.

ಡಬ್ಬದಲ್ಲಿರುವ ಶೇಂಗಾ ಚಟ್ನಿಪುಡಿ ಇದಕ್ಕೆ ಬಾರದು. ಖಾರ, ಉಪ್ಪು, ಬೆಳ್ಳುಳ್ಳಿ ಎಲ್ಲ ಅದರಲ್ಲಿದೆ. ನೀರಿನಲ್ಲಿ ಬೇಯಿಸಿದ ಶೇಂಗಾವನ್ನೂ ಈ ಲೆಕ್ಕಕ್ಕೆ ಹಿಡಿಯಬೇಡಿ. ಬೇಯಿಸುವಾಗ ಅಲರ್ಜಿ ತರುವ ಪ್ರೋಟೀನಿನ ಒಂದು ಪಾಲು ನೀರಿಗೆ ಇಳಿದುಹೋಗುತ್ತದೆ, ಹಾಗಾಗಿ ಅದು ಒಗ್ಗಿದ ಮಾತ್ರಕ್ಕೆ ಹುರಿದದ್ದು ಒಗ್ಗುತ್ತದೆಂದು ಹೇಳಲಾಗದು.

ಹಂತ 4: ಅಪಾಯದ ಸೂಚನೆಗಳನ್ನು ಬಟ್ಟಲು ಹಿಡಿಯುವ ಮುಂಚೆ ಕಲಿಯಿರಿ

ಇದನ್ನು ಕೊನೆಯಲ್ಲಿ ಬರೆಯುವುದು ವಾಡಿಕೆ. ಆದರೆ ಮಗು ಕೆಮ್ಮತೊಡಗಿದಾಗ ಫೋನಿನಲ್ಲಿ ಹುಡುಕುತ್ತ ಕೂರುವಂತಾಗಬಾರದು. ಆಹಾರದ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ.

ಹೆದರಬೇಕಿಲ್ಲದ್ದು: ತುತ್ತು ತಾಗಿದ ಕಡೆ, ಬಾಯಿಯ ಸುತ್ತ ಮಾತ್ರ ಚಪ್ಪಟೆಯಾದ ಕೆಂಪು, ಒರೆಸಿದ ಅರ್ಧ ಗಂಟೆಯೊಳಗೆ ಮಾಯ. ಜೊಲ್ಲು, ಟೊಮೆಟೊ, ಕಿತ್ತಳೆಯಿಂದಲೂ ಹೀಗಾಗುತ್ತದೆ. ತಿನ್ನಿಸುವ ಮೊದಲು ಬಾಯಿಯ ಸುತ್ತ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಈ ಗೊಂದಲ ಕಡಿಮೆ. ಹೊಸ ರುಚಿಗೆ ಮುಖ ಸಿಂಡರಿಸುವುದು, ಒಂದು ತುತ್ತು ಉಗುಳುವುದು ಅಲರ್ಜಿಯಲ್ಲ.

ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕಾದದ್ದು: ಬಾಯಿಂದ ದೂರದಲ್ಲಿ, ಹೊಟ್ಟೆ ಬೆನ್ನಿನ ಮೇಲೆ ಉಬ್ಬಿದ ಗಂಧೆಗಳು, ತುಟಿ, ಕಣ್ಣಿನ ರೆಪ್ಪೆ ಊದುವುದು, ಒಂದು ಸಲ ವಾಂತಿ. ಪಿತ್ತದ ಗಂಧೆಯೆಂದು ಕಂಬಳಿಯಲ್ಲಿ ತಿಕ್ಕುವುದು, ದೊಡ್ಡಪತ್ರೆ ರಸ ಹಚ್ಚುವುದು ಈ ಹೊತ್ತಿಗೆ ಬೇಡ. ಗಂಧೆ ಎಲ್ಲಿಂದ ಎಲ್ಲಿಗೆ ಹರಡುತ್ತಿದೆ ಎಂದು ನೋಡುವುದೇ ಕೆಲಸ. ಅಲರ್ಜಿಯ ಸಿರಪ್ ಯಾವುದು, ಎಷ್ಟು ಮಿ.ಲೀ. ಎಂದು ಮಗುವಿನ ತೂಕಕ್ಕೆ ತಕ್ಕಂತೆ ಡಾಕ್ಟರಿಂದ ಮುಂಚೆಯೇ ಬರೆಸಿಕೊಂಡಿರಿ. ಏನೂ ಆಗದಿರಲಿ ಎಂದು ತಿನ್ನಿಸುವ ಮೊದಲೇ ಆ ಸಿರಪ್ ಕುಡಿಸಿದರೆ ಸೂಚನೆಗಳು ಮುಚ್ಚಿಹೋಗುತ್ತವೆ.

ತಕ್ಷಣ ಆಸ್ಪತ್ರೆಗೆ ಓಡಬೇಕಾದದ್ದು: ಬಿಡದ ಕೆಮ್ಮು, ಉಸಿರಿನಲ್ಲಿ ಸುಯ್ ಶಬ್ದ, ಪಕ್ಕೆ ಒಳಸೆಳೆಯುವುದು, ಅಳುವಿನ ದನಿ ಗೊಗ್ಗರಾಗುವುದು, ನಾಲಿಗೆ ಊದುವುದು, ಮತ್ತೆ ಮತ್ತೆ ವಾಂತಿ, ಮೈ ಬಿಳುಚಿ ಅಥವಾ ನೀಲಿಗಟ್ಟಿ ಕೈಕಾಲು ಸೋತು ಬೀಳುವುದು, ಎಬ್ಬಿಸಿದರೂ ಕಣ್ಣು ಬಿಡದಿರುವುದು. ಗಂಧೆಯೇ ಇಲ್ಲದೆಯೂ ಇವು ಬರಬಹುದು. ಇದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ. 108ಕ್ಕೆ ಕರೆ ಮಾಡಿ, ಅಥವಾ ಆಟೋನೋ ಕಾರೋ ಬೇಗ ಸಿಗುವುದಾದರೆ ಅದರಲ್ಲೇ ಹೊರಡಿ. ಮಗುವನ್ನು ಹೆಗಲಿಗೆ ನಿಲ್ಲಿಸಿಕೊಳ್ಳದೆ ತೋಳಿನ ಮೇಲೆ ಅಡ್ಡ ಮಲಗಿಸಿ ಹಿಡಿಯಿರಿ, ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ. ನೀರು, ಹಾಲು ಕುಡಿಸಬೇಡಿ. ದೃಷ್ಟಿ ತೆಗೆಯುವುದು ಆಸ್ಪತ್ರೆಯಿಂದ ಬಂದ ಮೇಲಾಗಲಿ, ಅದಕ್ಕೆ ಅವಸರವಿಲ್ಲ.

ಆಸ್ಪತ್ರೆಯಲ್ಲಿ ‘ಶೇಂಗಾ ತಿನ್ನಿಸಿ ಇಷ್ಟು ನಿಮಿಷವಾಯಿತು, ಅನಾಫಿಲ್ಯಾಕ್ಸಿಸ್ ಅನಿಸುತ್ತಿದೆ, ತೂಕ ಇಷ್ಟು’ ಎಂದು ಮೊದಲ ಮಾತಿಗೇ ಹೇಳಿ. ಇದಕ್ಕೆ ಮೊದಲ ಔಷಧ ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಅವಿಲ್ (ಗಂಧೆ, ತುರಿಕೆಗೆ ಕೊಡುವ ಅಲರ್ಜಿ ಔಷಧ), ಸ್ಟೆರಾಯ್ಡ್ ಇಂಜೆಕ್ಷನ್‌ಗಳು ಅದರ ಜಾಗ ತುಂಬುವುದಿಲ್ಲ. ಸುಧಾರಿಸಿದ ಮೇಲೂ ಕೆಲವು ಗಂಟೆ ಅಲ್ಲೇ ಇರಿಸಿಕೊಳ್ಳುತ್ತಾರೆ. ರಿಯಾಕ್ಷನ್ ಇಳಿದು ಮತ್ತೆ ಏಳುವುದುಂಟು.

ಇನ್ನೊಂದು ಬಗೆ ಇದೆ, ಜನಕ್ಕೆ ಅಷ್ಟು ಪರಿಚಯವಿಲ್ಲದ್ದು. ತಿಂದು ಒಂದರಿಂದ ನಾಲ್ಕು ಗಂಟೆಯ ನಂತರ, ಗಂಧೆಯಾಗಲಿ ಕೆಮ್ಮಾಗಲಿ ಇಲ್ಲದೆ, ಮಗು ಮೇಲಿಂದ ಮೇಲೆ ವಾಂತಿ ಮಾಡಿ ಬಿಳುಚಿಕೊಂಡು ಮಂಕಾಗುತ್ತದೆ. ಹಾಲು, ಸೋಯಾ, ಮೊಟ್ಟೆಯಿಂದ ಮಾತ್ರವಲ್ಲ, ಅಕ್ಕಿಯಿಂದಲೂ ಬರಬಹುದು. ಇದನ್ನು ಎಫ್‌ಪೈಸ್ ಎನ್ನುತ್ತಾರೆ. ಹೊಟ್ಟೆ ಕೆಟ್ಟಿದೆ ಎಂದು ಸುಮ್ಮನಾಗಿ ಮುಂದಿನ ವಾರ ಅದನ್ನೇ ಮತ್ತೆ ಕೊಟ್ಟರೆ ಇದೇ ಮರುಕಳಿಸುತ್ತದೆ. ಇದಕ್ಕೂ ಆಸ್ಪತ್ರೆಯೇ ದಾರಿ, ಏಕೆಂದರೆ ನೀರಿನಂಶ ಬೇಗ ಇಳಿಯುತ್ತದೆ.

ಗಂಟಲಲ್ಲಿ ಸಿಕ್ಕಿಕೊಳ್ಳುವುದು ಬೇರೆಯೇ. ತಿನ್ನುತ್ತಿರುವಾಗಲೇ ದನಿ ನಿಂತು, ಅಳಲಾಗದೆ, ಮುಖ ಕಪ್ಪಾದರೆ ಅದು ಅಲರ್ಜಿಯಲ್ಲ. ಒಂದು ವರ್ಷದೊಳಗಿನ ಮಗುವನ್ನು ತಲೆ ಕೆಳಗಾಗಿ ಮುಂಗೈ ಮೇಲೆ ಬೋರಲು ಮಲಗಿಸಿ ಹೆಗಲುಗಳ ನಡುವೆ ಅಂಗೈಯ ಬುಡದಿಂದ 5 ಪೆಟ್ಟು. ಹೋಗದಿದ್ದರೆ ಮಗುಚಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ 5 ಸಲ ಒತ್ತು. ಸಿಕ್ಕಿದ್ದು ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಾಣದ್ದನ್ನು ಬೆರಳು ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ತಳ್ಳುತ್ತೀರಿ.

ಹಂತ 5: ದಿನ ಮತ್ತು ಹೊತ್ತು ಆರಿಸಿ

ಬೆಳಗ್ಗೆ 9ರಿಂದ 11ರ ನಡುವೆ, ನಿದ್ದೆಯಿಂದ ಎದ್ದು ಗೆಲುವಾಗಿರುವಾಗ. ತಿಂದ ಮೇಲೆ ಎರಡು ಗಂಟೆ ಎಚ್ಚರವಾಗಿಯೇ ಇರುವ ಹೊತ್ತಾದರೆ ಉತ್ತಮ. ಮಲಗಿದ ಮಗುವಿನ ಗಂಧೆ ಯಾರಿಗೂ ಕಾಣುವುದಿಲ್ಲ. ಆ ಹೊತ್ತಿಗೆ ಓಪಿಡಿಗಳೂ ತೆರೆದಿರುತ್ತವೆ. ಒಬ್ಬ ದೊಡ್ಡವರು ಬೇರೆ ಕೆಲಸವಿಲ್ಲದೆ ಮಗುವಿನ ಜೊತೆಗೇ ಇರಬೇಕು.

ನೆಗಡಿ, ಜ್ವರ, ಭೇದಿ ಇದ್ದ ದಿನ ಬೇಡ. ಲಸಿಕೆ ಹಾಕಿಸಿದ ಮೇಲೆ ಎರಡು ದಿನ ಬಿಡಿ, ಇಲ್ಲದಿದ್ದರೆ ಜ್ವರವೂ ಕಿರಿಕಿರಿಯೂ ಯಾವುದರದ್ದೆಂದು ತಿಳಿಯದು. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಆಸ್ಪತ್ರೆ ಒಂದು ಗಂಟೆ ದೂರವಿರುವ ತೋಟದ ಮನೆಯಲ್ಲಿ ಬೇಡ. ದೂರದ ಊರಿನಲ್ಲೇ ಇರುವವರು ಹೊಸ ಪದಾರ್ಥವನ್ನು ಪೇಟೆಯ ನೆಂಟರ ಮನೆಯಲ್ಲಿ ಉಳಿದಾಗ ಶುರು ಮಾಡುವುದು ಜಾಣತನ. ಮನೆಯವರೇ ಚುಚ್ಚಬಹುದಾದ ಅಡ್ರಿನಾಲಿನ್ ಪೆನ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ, ಆದ್ದರಿಂದ ಆಸ್ಪತ್ರೆಯ ದೂರ ಇಲ್ಲಿ ದೊಡ್ಡ ಲೆಕ್ಕ.

ಅನ್ನಪ್ರಾಶನದ ವಿಷಯ ಇಲ್ಲೇ ಹೇಳಬೇಕು. ದೇವಸ್ಥಾನದಲ್ಲಿ, ಹತ್ತಾರು ಜನರ ನಡುವೆ, ಹಾಲು, ತುಪ್ಪ, ಗೋಡಂಬಿ ಹಾಕಿದ ಪಾಯಸ ಬೆರಳಲ್ಲಿ ತೆಗೆದು ಬಾಯಿಗಿಡುತ್ತಾರೆ. ಗೋಡಂಬಿ ಮೊದಲ ಸಲ ತಿನ್ನುವ ಜಾಗ ಅದಲ್ಲ. ಮಗುವಿನ ಪಾಲಿಗೆ ಬರೀ ಅನ್ನ, ಬೆಲ್ಲದ ಒಂದು ಕಣ ಎಂದು ಅಜ್ಜಿಗೆ ಮುಂಚೆಯೇ ಹೇಳಿಡಿ, ಶಾಸ್ತ್ರಕ್ಕೆ ಕುಂದಿಲ್ಲ.

ಹಂತ 6: ಮೊದಲ ತುತ್ತು

ಎರಡು ಬಟ್ಟಲು ಇಡಿ. ಒಂದರಲ್ಲಿ ಮಗು ದಿನವೂ ತಿನ್ನುವ ರಾಗಿ ಸರಿ, ಪೂರ್ತಿ ಪ್ರಮಾಣ. ಇನ್ನೊಂದರಲ್ಲಿ ಕಾಲು ಚಮಚ ಪೀನಟ್ ಬಟರ್, ಅದಕ್ಕೆ ಅರ್ಧ ಚಮಚ ಬಿಸಿನೀರು ಹಾಕಿ ಗಂಟಿಲ್ಲದಂತೆ ಕಲಸಿ, ಆರಿಸಿ, ಎರಡು ಚಮಚ ರಾಗಿ ಸರಿ ಸೇರಿಸಿ. ಚಮಚ ಓರೆ ಮಾಡಿದರೆ ಮಜ್ಜಿಗೆಹುಳಿಯಂತೆ ಜಾರಿ ಬೀಳಬೇಕು. ಗಟ್ಟಿ ಪೀನಟ್ ಬಟರ್ ಅಂಗುಳಿಗೆ ಅಂಟಿ ಉಸಿರು ಕಟ್ಟಿಸಬಹುದು, ಎಂದೂ ಹಾಗೇ ಕೊಡಬೇಡಿ.

ಎರಡು ಬಟ್ಟಲು ಯಾಕೆ? ಇಡೀ ಗಂಜಿಗೆ ಶೇಂಗಾ ಕಲಸಿದರೆ ಮಗು ಮೂರನೇ ತುತ್ತಿಗೆ ಬಾಯಿ ಮುಚ್ಚಿದಾಗ ಎಷ್ಟು ಒಳಗೆ ಹೋಯಿತೆಂಬ ಲೆಕ್ಕವೇ ಸಿಗುವುದಿಲ್ಲ. ಶೇಂಗಾ ಇರುವ ಪಾಲು ಎರಡು ಮೂರು ತುತ್ತಿನದಾಗಿದ್ದರೆ ಅದು ಪೂರ್ತಿ ಖಾಲಿಯಾಗುತ್ತದೆ.

1. ಮಗುವನ್ನು ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಈಗಾಗಲೇ ಇರುವ ಕೆಂಪು ಕಲೆಗಳನ್ನು ನೋಡಿಟ್ಟುಕೊಳ್ಳಿ, ಬೇಕಿದ್ದರೆ ಒಂದು ಫೋಟೊ ತೆಗೆಯಿರಿ.

2. ಚಮಚದ ತುದಿಯಲ್ಲಿ ಒಂದು ನೆಕ್ಕುವಷ್ಟು ಬಾಯೊಳಗೆ ಕೊಡಿ. ಸಮಯ ಬರೆಯಿರಿ.

3. 10 ನಿಮಿಷ ಕಾಯಿರಿ. ಆಟವಾಡಿಸಿ, ಎದೆಹಾಲನ್ನಾಗಲಿ ಬೇರೆ ತುತ್ತನ್ನಾಗಲಿ ಕೊಡಬೇಡಿ.

4. ಏನೂ ಕಾಣದಿದ್ದರೆ ಉಳಿದ ತುತ್ತುಗಳನ್ನು ನಿಧಾನಕ್ಕೆ ಮುಗಿಸಿ. ಆಮೇಲೆ ಬರೀ ರಾಗಿ ಸರಿ. ಮಗು ಒಲ್ಲೆ ಎಂದರೆ ಒತ್ತಾಯ ಬೇಡ, ನಾಳೆ ನೋಡೋಣ.

5. ಬಾಯಿ, ಕೈ ಒರೆಸಿ. ಎರಡು ಗಂಟೆ ಕಣ್ಣಳತೆಯಲ್ಲಿರಲಿ. ಅಂಗಿ ಎತ್ತಿ ಹೊಟ್ಟೆ, ಬೆನ್ನು, ತೊಡೆ ಆಗಾಗ ನೋಡಿ.

ಹಂತ 7: ಅಳತೆ ಏರಿಸಿ, ನಿಲ್ಲಿಸಬೇಡಿ

ಎರಡನೇ ದಿನ ಅರ್ಧ ಚಮಚ, ಮೂರನೇ ದಿನ ಒಂದು ಚಮಚ. ಬಟರ್ ಎಷ್ಟೋ ಅದರ ದುಪ್ಪಟ್ಟು ನೀರು. ಈ ಮೂರು ದಿನ ಬೇರೆ ಯಾವ ಹೊಸ ಪದಾರ್ಥವೂ ಬೇಡ. ಆಮೇಲೆ ಎರಡು ಚಮಚಕ್ಕೆ ಬನ್ನಿ. ಎರಡು ಚಮಚ ಪೀನಟ್ ಬಟರ್ ಎಂದರೆ ಹತ್ತಿರ ಹತ್ತಿರ 10 ಗ್ರಾಂ, ಅದರಲ್ಲಿ ಸುಮಾರು 2 ಗ್ರಾಂ ಪ್ರೋಟೀನು. ಮನೆಯ ಪುಡಿಯಾದರೆ 8 ಗ್ರಾಂ, ಮಟ್ಟಸವಾಗಿ ಎರಡೂವರೆ ಚಮಚ. ಹೀಗೆ ವಾರಕ್ಕೆ ಮೂರು ಸಲವಾದರೆ ಲೀಪ್ ಅಧ್ಯಯನದಲ್ಲಿ ಮಕ್ಕಳಿಗೆ ಕೊಟ್ಟಿದ್ದ 6 ಗ್ರಾಂ ಪ್ರೋಟೀನಿನ ಅಳತೆ ಮುಟ್ಟುತ್ತದೆ. ಪುಟ್ಟ ಮಗು ಅಷ್ಟು ತಿನ್ನದಿದ್ದರೆ ಒಂದೊಂದು ಚಮಚವೇ ಆಗಲಿ, ವಾರ ತಪ್ಪದಿರಲಿ.

ಇಲ್ಲಿ ಸೋಲುವವರೇ ಹೆಚ್ಚು. ಕೊಟ್ಟೆವು, ಆಯಿತು, ಎಂದು ಬಿಟ್ಟರೆ ಅದುವರೆಗಿನ ಶ್ರಮ ವ್ಯರ್ಥವಾಗಬಹುದು. ಮುಖ್ಯವಾಗಿ ಎಕ್ಸಿಮಾ ಇರುವ ಮಗುವಿಗೆ ಬಾಯಿಂದ ನಿಂತರೂ ಶೇಂಗಾ ಚರ್ಮಕ್ಕೆ ತಾಗುತ್ತಲೇ ಇರುತ್ತದೆ. ಸೋಮ, ಬುಧ, ಶುಕ್ರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಉಪ್ಪಿಲ್ಲದ ಪೊಂಗಲ್ಲು, ಕಿವುಚಿದ ಬಾಳೆಹಣ್ಣು, ಬೇಳೆ ಅನ್ನ ಯಾವುದಕ್ಕೂ ಪುಡಿ ಹೊಂದುತ್ತದೆ. ಜ್ವರ, ಪ್ರಯಾಣದಿಂದ ಹಲವು ವಾರ ತಪ್ಪಿಹೋದರೆ ಮತ್ತೆ ಮನೆಯಲ್ಲಿ, ಬೆಳಗ್ಗೆ, ಕಾಲು ಚಮಚದಿಂದ ಶುರು ಮಾಡಿ. ತಾಯಿ ಶೇಂಗಾ ತಿಂದು ಹಾಲೂಡಿಸುತ್ತಾಳೆ ಎಂಬುದು ಮಗುವೇ ತಿಂದ ಲೆಕ್ಕಕ್ಕೆ ಬರುವುದಿಲ್ಲ.

ಇಡೀ ಕಾಳು, ಒಡೆದ ಕಾಳು, ಚಿಕ್ಕಿ 5 ವರ್ಷದವರೆಗೆ ಕೈಗೆ ಸಿಗದಂತಿರಲಿ. ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ನಮ್ಮ ದೇಶದಲ್ಲಿ ಮೊದಲ ಸಾಲಿನಲ್ಲಿರುವುದು ಶೇಂಗಾವೇ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಕಡಲೆಬೀಜ, ಕೊಬ್ಬರಿ ಚೂರು, ಹುರಿಗಡಲೆ, ಎಳ್ಳು ಎಲ್ಲ ಒಟ್ಟಿಗಿವೆ: ಉಸಿರು ಕಟ್ಟಿಸುವುದೂ ಅದೇ, ಯಾವುದರ ಅಲರ್ಜಿ ಎಂದು ತಿಳಿಯದಂತೆ ಮಾಡುವುದೂ ಅದೇ.

ಹಂತ 8: ಉಳಿದ ಪದಾರ್ಥಗಳು, ಒಂದೊಂದಾಗಿ

ಕ್ರಮ ಇದೇ: ತುದಿ ಚಮಚ, 10 ನಿಮಿಷ, ಉಳಿದದ್ದು, ಎರಡು ಗಂಟೆ, ಮೂರು ದಿನ. ನಿಮ್ಮ ಮನೆಯಲ್ಲಿ ತಿನ್ನುವ ಪದಾರ್ಥಗಳಿಗೆ ಮೊದಲ ಆದ್ಯತೆ. ಮೊಟ್ಟೆ, ಮೀನು ಮನೆಗೇ ಬಾರದಿದ್ದರೆ ಅಲರ್ಜಿಯ ಭಯಕ್ಕೆ ತಂದು ತಿನ್ನಿಸಬೇಕಿಲ್ಲ.

ಮೊಟ್ಟೆ. 12 ನಿಮಿಷ ಬೇಯಿಸಿ ಪೂರ್ತಿ ಗಟ್ಟಿಯಾದದ್ದು. ಹಾಫ್ ಬಾಯಿಲ್ಡ್, ಹಸಿ ಮೊಟ್ಟೆ ಬೇಡ. ಮೊದಲು ಭಂಡಾರ (ಹಳದಿಭಾಗ) ಮಾತ್ರ, ಬಿಳಿಭಾಗ ವರ್ಷದ ಮೇಲೆ ಎಂಬ ರೂಢಿ ನಮ್ಮಲ್ಲಿ ಬಲವಾಗಿದೆ. ಅಲರ್ಜಿ ತರುವ ಮುಖ್ಯ ಪ್ರೋಟೀನುಗಳು ಇರುವುದೇ ಬಿಳಿಯಲ್ಲಿ; ಅದನ್ನು ಮುಂದೂಡಿದರೆ ಕೆಲಸವೇ ಆಗುವುದಿಲ್ಲ. ಎರಡನ್ನೂ ಸೇರಿಸಿ ಕಿವುಚಿ, ಎದೆಹಾಲೋ ನೀರೋ ಹಾಕಿ ತೆಳುಮಾಡಿ. ಕಾಲು ಚಮಚದಿಂದ ಶುರು ಮಾಡಿ, ಮೊಟ್ಟೆಯ ಮೂರನೇ ಒಂದು ಭಾಗಕ್ಕೆ ಏರಿಸಿ (ಸುಮಾರು 2 ಗ್ರಾಂ ಪ್ರೋಟೀನು), ವಾರಕ್ಕೆ ಎರಡು ಮೂರು ಸಲ. ಕೇಕು ಒಗ್ಗಿದೆ ಎಂದರೆ ಬೇಯಿಸಿದ ಮೊಟ್ಟೆ ಒಗ್ಗುತ್ತದೆಂದು ಅರ್ಥವಲ್ಲ.

ಹಾಲು. ಮೊಸರಿನಿಂದ ಶುರು ಮಾಡಿ. ಒಂದು ವರ್ಷದೊಳಗೆ ಹಸುವಿನ ಹಾಲನ್ನು ಎದೆಹಾಲಿನ ಬದಲು ಕುಡಿಸಬಾರದು, ಮೊಸರು ಕೊಡಬಹುದು. ಫಾರ್ಮುಲಾ ದಿನವೂ ಕುಡಿಯುತ್ತಿರುವ ಮಗುವಿಗೆ ಹಾಲಿನ ಪರಿಚಯ ಆಗಲೇ ಆಗಿದೆ. ತುಪ್ಪ ಹಾಕಿದ್ದನ್ನು ಹಾಲು ಕೊಟ್ಟಂತೆ ಎಣಿಸಬೇಡಿ, ತುಪ್ಪದಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ.

ಗೋಧಿ. ತೆಳುವಾದ ರವೆ ಗಂಜಿ, ಆಮೇಲೆ ಬೇಳೆಕಟ್ಟಿನಲ್ಲಿ ನೆನೆಸಿ ಕಿವುಚಿದ ಚಪಾತಿ.

ಗೋಡಂಬಿ, ಬಾದಾಮಿ, ಅಕ್ರೂಟ್. ‘ಡ್ರೈ ಫ್ರೂಟ್ಸ್ ಪುಡಿ’ ಎಂದು ಎಲ್ಲ ಬೆರೆಸಿ ಮಾರುವುದು ಬೇಡ. ಒಂದೊಂದನ್ನೂ ಬೇರೆ ಬೇರೆ ನೆನೆಸಿ, ಬಾದಾಮಿಯಾದರೆ ಸಿಪ್ಪೆ ಸುಲಿದು, ನುಣ್ಣಗೆ ಅರೆದು ಕಾಲು ಚಮಚ. ಗೋಡಂಬಿಗೂ ಪಿಸ್ತಾಕ್ಕೂ ನಂಟಿದೆ: ಒಂದಕ್ಕೆ ಅಲರ್ಜಿ ಕಂಡರೆ ಇನ್ನೊಂದನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಗೋಡಂಬಿಯ ರಿಯಾಕ್ಷನ್ ಶೇಂಗಾದಷ್ಟೇ ಜೋರಾಗಿರಬಹುದು, ಹಬ್ಬದ ಸಿಹಿಯಲ್ಲಿ ಅದು ಎಲ್ಲೆಲ್ಲೂ ಇರುವುದರಿಂದ ಇದನ್ನು ಬೇಗ ಮುಗಿಸಿಕೊಳ್ಳಿ.

ಎಳ್ಳು. ಹುರಿದು ಪುಡಿ ಮಾಡಲೇಬೇಕು. ಇಡೀ ಎಳ್ಳು ಹೋದಂತೆಯೇ ಡೈಪರಿಗೆ ಬರುತ್ತದೆ.

ಮೀನು, ಸಿಗಡಿ. ಮೀನಿನ ಒಂದು ತುಂಡನ್ನು ಹಬೆಯಲ್ಲಿ ಬೇಯಿಸಿ, ಬೆರಳಲ್ಲಿ ಬಿಡಿಸಿ ಮುಳ್ಳು ನೋಡಿ ಕಿವುಚಿ. ಬೂತಾಯಿಯ ಸಣ್ಣ ಮುಳ್ಳುಗಳು ತಪ್ಪಿಸಿಕೊಳ್ಳುತ್ತವೆ, ಶುರುವಿಗೆ ಕಾಣೆ ಮೀನು ಮೇಲು. ಸಿಗಡಿಯ ಕಪ್ಪು ನಾರು ತೆಗೆದು, ಬೇಯಿಸಿ, ಅರೆಯಿರಿ. ಮೀನು ಒಗ್ಗಿದರೆ ಸಿಗಡಿ ಒಗ್ಗುತ್ತದೆಂದಿಲ್ಲ, ಎರಡೂ ಬೇರೆ. ಒಣಮೀನು ಬೇಡ, ಅದು ಉಪ್ಪಿನ ಗಣಿ.

ಪಟ್ಟಿ ಉದ್ದವಾದಂತೆ ‘ಎಲ್ಲವನ್ನೂ ವಾರಕ್ಕೆ ಎರಡು ಸಲ ಎಲ್ಲಿ ತೂರಿಸುವುದು’ ಎಂಬ ಪ್ರಶ್ನೆ ಬರುತ್ತದೆ. ಒಂದೊಂದಾಗಿ ಪಾಸಾದವುಗಳನ್ನು ಈಗ ಬೆರೆಸಬಹುದು. ಶೇಂಗಾ, ಗೋಡಂಬಿ, ಎಳ್ಳು ಮೂರೂ ಒಗ್ಗಿದ ಮೇಲೆ ಅಟ್ಟದ ಮೇಲಿನ ಹುರಿಹಿಟ್ಟಿಗೂ ಕಾಲ ಬಂತು. ಅದರಲ್ಲಿರುವ ಎಲ್ಲವೂ ಪಾಸಾಗಿವೆಯೇ ಎಂದು ಮಾತ್ರ ನೋಡಿ, ಹೊಸದಾಗಿ ಹುರಿಸಿ. ಅಂಗನವಾಡಿಯಿಂದ ಬರುವ ಪುಡಿಯ ಪ್ಯಾಕೆಟ್‌ಗೂ ಇದೇ ಮಾತು, ಹಿಂಬದಿ ಓದಿ.

ಹಂತ 9: ರಿಯಾಕ್ಷನ್ ಆಗಿದ್ದರೆ ಮುಂದೇನು

ನೋಟ್‌ಬುಕ್ಕಿನಲ್ಲಿ ಬರೆಯಿರಿ: ಏನು, ಎಷ್ಟು, ಎಷ್ಟು ಗಂಟೆಗೆ, ಎಷ್ಟು ನಿಮಿಷಕ್ಕೆ ಏನು ಕಂಡಿತು, ಎಷ್ಟು ಹೊತ್ತಿಗೆ ಇಳಿಯಿತು. ಗಂಧೆಯ ಫೋಟೊ ಇರಲಿ. ಡಾಕ್ಟರ ಮುಂದೆ ಹೋಗುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಆ ಒಂದು ಪದಾರ್ಥವನ್ನು ನಿಲ್ಲಿಸಿ, ಮನೆಯಲ್ಲಿ ಮತ್ತೆ ಕೊಟ್ಟು ಖಾತ್ರಿ ಮಾಡಿಕೊಳ್ಳಲು ಹೋಗಬೇಡಿ. ಆಗಲೇ ಒಗ್ಗಿರುವ ಉಳಿದವನ್ನು ನಿಲ್ಲಿಸಬೇಡಿ.

‘ಎಲ್ಲದಕ್ಕೂ ಒಂದೇ ರಕ್ತಪರೀಕ್ಷೆ’ ಎಂಬ ದುಬಾರಿ ಪ್ಯಾಕೇಜುಗಳಿಗೆ ಕೈ ಹಾಕಬೇಡಿ. ಚುಚ್ಚುಪರೀಕ್ಷೆಯೂ ಐಜಿಇ (ಅಲರ್ಜಿಯಲ್ಲಿ ಕೆಲಸ ಮಾಡುವ ಪ್ರತಿಕಾಯ) ರಕ್ತಪರೀಕ್ಷೆಯೂ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆಯೆಂದಲ್ಲ. ಆರಾಮಾಗಿ ತಿನ್ನುವ ಎಷ್ಟೋ ಮಕ್ಕಳಲ್ಲೂ ಪಾಸಿಟಿವ್ ಬರುತ್ತದೆ. ಅನುಮಾನವಿರುವ ಪದಾರ್ಥಕ್ಕೆ ಮಾತ್ರ ಪರೀಕ್ಷೆ, ಬೇಕಾದರೆ ಆಸ್ಪತ್ರೆಯಲ್ಲಿ ಅಲರ್ಜಿ ತಜ್ಞರ ಮುಂದೆ ಅಳೆದು ತಿನ್ನಿಸಿ ನೋಡುವ ಪರೀಕ್ಷೆ. ದೊಡ್ಡವರಾಗುತ್ತ ಹಾಲು, ಮೊಟ್ಟೆಯ ಅಲರ್ಜಿ ತಾನಾಗಿಯೇ ಬಿಟ್ಟುಹೋಗುವ ಮಕ್ಕಳೇ ಹೆಚ್ಚು. ಶೇಂಗಾದ್ದು ಸುಮಾರು ಐದರಲ್ಲಿ ಒಂದು ಮಗುವಿಗೆ ಹೋಗುತ್ತದೆ. ಯಾವಾಗ ಮತ್ತೆ ನೋಡಬೇಕೆಂದು ತಜ್ಞರೇ ಹೇಳಲಿ.

ಹೊರದೇಶದಲ್ಲಿರುವವರಿಗೆ

ಅಮೆರಿಕದಲ್ಲಿ ತೀವ್ರ ಎಕ್ಸಿಮಾ ಇರುವ ಮಗುವಿಗೆ 4ರಿಂದ 6 ತಿಂಗಳಲ್ಲೇ ಶೇಂಗಾ ಶುರು ಮಾಡಿಸುವ ಪದ್ಧತಿಯಿದೆ. ಅಲ್ಲಿನ ಡಾಕ್ಟರು ಹೇಳಿದಂತೆ ನಡೆಯಿರಿ, ಊರಿನ ಆರು ತಿಂಗಳ ಲೆಕ್ಕಕ್ಕೆ ಕಾಯಬೇಡಿ. ಹಲವು ಡೇಕೇರ್‌ಗಳಿಗೆ ಶೇಂಗಾ ಒಯ್ಯುವಂತಿಲ್ಲ. ಹಾಗಾಗಿ ಹೊಸದನ್ನು ಶನಿವಾರ ಬೆಳಗ್ಗೆ ಮನೆಯಲ್ಲಿ ಶುರು ಮಾಡಿ, ವಾರದ ಪಾಲನ್ನು ಶನಿವಾರ, ಭಾನುವಾರ ಮತ್ತು ಒಂದು ದಿನ ಸಂಜೆ ಎಂದು ಹಂಚಿ. ತಿಂದ ಮೇಲೆ ಕೈ ಬಾಯಿ ಸೋಪಿನಲ್ಲಿ ತೊಳೆದು, ಅಂಗಿ ಬದಲಿಸಿ ಕಳಿಸಿ, ಅಲ್ಲಿ ಬೇರೊಂದು ಮಗುವಿಗೆ ಅಲರ್ಜಿ ಇರಬಹುದು. ತುರ್ತು ಸಂಖ್ಯೆ ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999. ಮಗು ನೋಡಿಕೊಳ್ಳಲು ಊರಿಂದ ಬಂದ ಅಜ್ಜಿ ತಾತನ ಫೋನಿನಲ್ಲಿ ಆ ಸಂಖ್ಯೆಯ ಜೊತೆ ಮನೆಯ ಪೂರ್ತಿ ವಿಳಾಸವನ್ನೂ ಕನ್ನಡ ಅಕ್ಷರದಲ್ಲಿ ಬರೆದಿಡಿ.